ಪೆದ್ದಣ್ಣ ಕ್ಯಾನು ತುಂಬಿಸಿದ್ದು

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಪೆದ್ದಣ್ಣನ ಹೆಸರು ಎತ್ತಿದರೆ ಜನ ಮೊದಲು ಹೇಳುವುದು ಅವನ ತೂಕದ ಮಾತು. ಸೀರೆಯ ಅಂದಚಂದ ಆಮೇಲೆ. ಇಲ್ಲಿ ಸಾವಕಾರ ರೇಷ್ಮೆಯನ್ನೂ ಜರಿಯನ್ನೂ ತೂಗಿ ಕೊಡುತ್ತಾನೆ. ಮಗ್ಗದಿಂದ ಸೀರೆ ಇಳಿದ ಮೇಲೆ ಸೀರೆ, ಉಳಿದ ನೂಲು, ತುಂಡು ಎಳೆ ಎಲ್ಲವನ್ನೂ ತೂಗಿ ವಾಪಸು ತೆಗೆದುಕೊಳ್ಳುತ್ತಾನೆ. ನಾಲ್ಕು ಗ್ರಾಂ ಕಡಿಮೆ ಬಂದರೆ ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ತಕ್ಕಡಿಯ ಕಡೆ ಒಂದು ಸಲ, ನೇಕಾರನ ಮುಖದ ಕಡೆ ಒಂದು ಸಲ ನೋಡುತ್ತಾರೆ, ಅಷ್ಟೇ. ಆ ನೋಟಕ್ಕೆ ಸಿಗುವುದಕ್ಕಿಂತ ಮಣ್ಣು ತಿನ್ನುವುದು ಮೇಲು ಎಂದು ನಂಬಿದ ಮನುಷ್ಯ ಪೆದ್ದಣ್ಣ. ಒಂದು ಸಲ ಇಲಿಯೊಂದು ಒಂದು ಲಡಿ ರೇಷ್ಮೆಯನ್ನು ಕಡಿದು ಎಳೆದುಕೊಂಡು ಹೋಯಿತು. ಈ ಪುಣ್ಯಾತ್ಮ ಪೇಟೆಗೆ ಹೋಗಿ, ಅದೇ ಬಣ್ಣದ ರೇಷ್ಮೆ ಕೊಂಡುತಂದು, ತೂಕ ಸರಿಮಾಡಿ ಕೊಟ್ಟ.

"ಇಲಿ ತಿಂತು ಅಂದಿದ್ರೆ ಹನುಮಂತರಾಜು ಸಾವಕಾರ್ರು ನಂಬ್ತಿದ್ರಲ್ಲ" ಎಂದು ಹೆಂಡತಿ ಗೋವಿಂದಮ್ಮ ಅವತ್ತು ಹಣೆ ಚಚ್ಚಿಕೊಂಡಿದ್ದಳು.

"ನಂಬ್ತಿದ್ರು. ಆದ್ರೆ ಒಂದು ಸಲ ನೋಡ್ತಿದ್ರು" ಎಂದಿದ್ದ ಪೆದ್ದಣ್ಣ.

ಈ ಗಂಡಹೆಂಡಿರದು ಮೂವತ್ತಾರು ವರ್ಷದ ಜೋಡಿ ಮಗ್ಗ. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಅವನು ನಡುವೆ ಕೂತರೆ, ಅಂಚಿನ ಲಾಳಿ ಎಸೆಯಲು ಇವಳು ಪಕ್ಕದಲ್ಲಿ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ, ಜಗಳಕ್ಕೆ ಮಾತ್ರ ಎರಡೂ. "ತೆಲುಗಲ್ಲಿ ನೀನು ದೊಡ್ಡಣ್ಣ, ಕನ್ನಡದಲ್ಲಿ ದಡ್ಡಣ್ಣ" ಎಂದು ಅವಳು ಲಾಳಿಯ ಜೊತೆಗೆ ಮಾತನ್ನೂ ಎಸೆಯುತ್ತಿದ್ದಳು. ಅವನು ಒಳಗೊಳಗೇ ನಗುತ್ತಾ ಮಗ್ಗದ ಕಾಲುಮಣೆ ತುಳಿಯುತ್ತಿದ್ದ. ಅವಳ ಬಾಯಿ ಇಲ್ಲದಿದ್ದರೆ ಅವನಿಗೆ ಸೀರೆ ಮುಂದಕ್ಕೇ ಹೋಗುತ್ತಿರಲಿಲ್ಲ. ಇದು ಅವನಿಗೂ ಗೊತ್ತು, ಬೀದಿಗೂ ಗೊತ್ತು.

ಅಂಥ ಬಾಯಿ ಈ ಬೇಸಗೆಯಲ್ಲಿ ಮುಚ್ಚಿಕೊಂಡಿತು. ಗೋವಿಂದಮ್ಮನ ಕಾಲು ಊದತೊಡಗಿದ್ದವು. ಸಂಜೆ ಕುಣಿಯಿಂದ ಎದ್ದರೆ ಪಾದದ ಗಂಟು ಕಾಣುತ್ತಿರಲಿಲ್ಲ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಅವಳು ಯಾರಿಗೂ ಏನೂ ಹೇಳಲಿಲ್ಲ, ಸೀರೆಯ ನೆರಿಗೆ ಒಂದಿಷ್ಟು ಇಳಿಸಿ ಉಟ್ಟಳು. ಏಕೆಂದರೆ ರಾಯದುರ್ಗದಲ್ಲಿದ್ದ ಅವಳ ಅಕ್ಕ ಪಾತಮ್ಮನಿಗೂ ಹೀಗೇ ಮೊದಲು ಕಾಲು ಊದಿತ್ತು. ಕಿಡ್ನಿ ಹೋಗಿದೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಎರಡು ವರ್ಷಕ್ಕೆ ಅಕ್ಕ ಇರಲಿಲ್ಲ.

ಗುಟ್ಟು ಹಿಡಿದವಳು ಸೊಸೆ ರಂಜಿತಾ. ಅತ್ತೆಯ ಕಾಲುಂಗುರ ಬೆರಳಿನಲ್ಲಿ ಹೂತುಹೋಗಿದ್ದನ್ನು ನೋಡಿ ಮಾವನಿಗೆ ಹೇಳಿದಳು. ಪೆದ್ದಣ್ಣ ತಡಮಾಡಲಿಲ್ಲ. ಮಾರನೆಯ ದಿನವೇ ಮಗ್ಗಕ್ಕೆ ಬಟ್ಟೆ ಹೊದಿಸಿ, ಹೆಂಡತಿಯನ್ನು ಕರೆದುಕೊಂಡು ಚಳ್ಳಕೆರೆಯ ಬಸ್ಸು ಹತ್ತಿದ.

ಚಳ್ಳಕೆರೆಯ ಡಾಕ್ಟರ್ ಪ್ರೇಮಲತಾ ಕಾಲು ಒತ್ತಿ ನೋಡಿದರು, ಬಿ.ಪಿ. ನೋಡಿದರು, ಮೊದಲಿಂದ ನುಂಗುತ್ತಿದ್ದ ಮಾತ್ರೆಯ ಹಾಳೆಯನ್ನೂ ತಿರುಗಿಸಿ ನೋಡಿದರು. "ಹೆದರ್ಕೋಬೇಡಿ. ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಐತೇನೋ ನೋಡೋಣ. ಒಂದು ಪೂರ್ತಿ ದಿನದ್ದು ಹಿಡಿದು ತರ್ಬೇಕು" ಎಂದರು.

ಲ್ಯಾಬಿನ ಹುಡುಗಿ ಗಂಗಲಕ್ಷ್ಮಿ ಒಳಗಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ತಂದಳು. ಐದು ಲೀಟರಿನದು, ಪಕ್ಕದಲ್ಲಿ ಒಂದರಿಂದ ಐದರವರೆಗೆ ಗೀಟು ಹಾಕಿತ್ತು. "ಬೆಳಿಗ್ಗೆ ಎದ್ದ ತಕ್ಷಣದ್ದು ಬೇಡಮ್ಮ, ಹೊರಗೆ ಮಾಡ್ಬಿಡ್ರಿ. ಆ ಟೈಮ್ ಬರ್ಕೊಂಡು, ಅಲ್ಲಿಂದ ಮಾರ್ನೇ ದಿನ ಅದೇ ಟೈಮ್ ತನಕ ಎಲ್ಲಾ ಇದ್ರಲ್ಲೇ ಹಿಡೀರಿ. ಮಾರ್ನೇ ದಿನದ ಬೆಳಿಗ್ಗೆದೂ ಸೇರ್ಬೇಕು. ಒಂದು ಸಲದ್ದು ಬಿಟ್ರೂ ಟೆಸ್ಟ್ ಕೆಡ್ತೈತೆ."

ಗೋವಿಂದಮ್ಮ ನಾಚಿಕೆಯಿಂದ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಕೇಳಿಸಿಕೊಂಡವನು ಪೆದ್ದಣ್ಣ. ಅವನ ಕಣ್ಣು ಮಾತ್ರ ಆ ಐದು ಗೀಟುಗಳ ಮೇಲಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ ಲೆಕ್ಕ ಶುರುವಾಯಿತು. ರಂಜಿತಾ ಕ್ಯಾನಿನ ಮೇಲೆ ಪೆನ್ನಿನಲ್ಲಿ ಟೈಮ್ ಬರೆದಳು. "ತಣ್ಣಗಿರ್ಬೇಕಂತೆ ಅತ್ತೆ, ಫ್ರಿಜ್ಜಲ್ಲಿ ಇಟ್ರೆ ಒಳ್ಳೇದು" ಎಂದಳು. ಅಷ್ಟು ದಿನ ಮುಚ್ಚಿದ್ದ ಬಾಯಿ ಅವತ್ತು ತೆರೆಯಿತು. "ಹಾಲಿನ ಪಕ್ಕ ಅದನ್ನ ಇಡ್ತೀಯೇನೇ? ನಾನು ಸತ್ರೂ ಚಿಂತಿಲ್ಲ, ನನ್ನ ಫ್ರಿಜ್ಜು ಮೈಲಿಗೆ ಆಗ್ಬಾರ್ದು." ಕೊನೆಗೆ ಬಚ್ಚಲ ಮೂಲೆಯಲ್ಲಿ ಒಂದು ಬೋಗುಣಿಗೆ ನೀರು ತುಂಬಿ, ಅದರಲ್ಲಿ ಕ್ಯಾನು ಇಳಿಸಿ, ಮೇಲೆ ಒದ್ದೆ ಗೋಣಿ ಹೊದಿಸಿದರು. ಗೋವಿಂದಮ್ಮ ಪ್ರತಿ ಸಲವೂ ಮುಖ ಆ ಕಡೆ ತಿರುಗಿಸಿ, ಚೊಂಬಿನಿಂದ ಬಗ್ಗಿಸಿ, ಗೋಣಿ ಮುಚ್ಚಿ ಓಡಿಬರುತ್ತಿದ್ದಳು. ಎಷ್ಟಾಯಿತು ಎಂದು ನೋಡುವ ಮನಸ್ಸು ಅವಳಿಗಿರಲಿಲ್ಲ.

ನೋಡಿದವನು ಪೆದ್ದಣ್ಣ. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವ ನೆಪದಲ್ಲಿ ಹೋಗಿ ಗೋಣಿ ಸರಿಸಿದರೆ, ತಳ ಮುಚ್ಚುವಷ್ಟು ಮಾತ್ರ ಇತ್ತು. ಒಂದನೇ ಗೀಟು ಎಲ್ಲೋ ಮೇಲೆ. ಆಶ್ಚರ್ಯವೇನೂ ಇಲ್ಲ ಬಿಡಿ. ಮಗ್ಗದ ಹೆಂಗಸರು ನೀರು ಕುಡಿಯುವುದೇ ಇಲ್ಲ. ಕುಡಿದರೆ ಏಳಬೇಕು, ಎದ್ದರೆ ಕುಣಿ ಹತ್ತಬೇಕು, ಹತ್ತಿದರೆ ಎಳೆಯ ಬಿಗಿ ತಪ್ಪುತ್ತದೆ. ಬೆಳಿಗ್ಗೆ ಒಂದು ಲೋಟ ಟೀ, ಮಧ್ಯಾಹ್ನ ಊಟಕ್ಕೆ ಒಂದು ಲೋಟ ನೀರು, ಗೋವಿಂದಮ್ಮನಿಗೆ ಅಷ್ಟೇ ಬದುಕು.

ಆದರೆ ಪೆದ್ದಣ್ಣನಿಗೆ ಬೇರೆಯೇ ಚಿಂತೆ ಹತ್ತಿತು. ಐದು ಲೀಟರಿನ ಪಾತ್ರೆ ಕೊಟ್ಟಿದ್ದಾರೆ. ಹೆಂಡತಿ ಅರ್ಧ ಲೀಟರು ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಡುವುದು ಹೇಗೆ? ಆ ಹುಡುಗಿ ಕ್ಯಾನಿನ ಕಡೆ ಒಂದು ಸಲ, ಗೋವಿಂದಮ್ಮನ ಮುಖದ ಕಡೆ ಒಂದು ಸಲ ನೋಡುತ್ತಾಳೆ. ಟೆಸ್ಟ್ ಕೆಟ್ಟಿತು ಎನ್ನುತ್ತಾಳೆ. ಅಕ್ಕನ ವಿಷಯ ನೆನೆದು ಮೊದಲೇ ಸೊರಗಿದವಳು, ಅಲ್ಲೇ ಕುಸಿದು ಕೂರುತ್ತಾಳೆ. ಇಷ್ಟನ್ನು ಯೋಚಿಸುವ ಹೊತ್ತಿಗೆ ಪೆದ್ದಣ್ಣನಿಗೂ ಬಚ್ಚಲಿಗೆ ಹೋಗುವ ತುರ್ತು ಬಂದಿತ್ತು. ಅವನಿಗೆ ಈಚೆಗೆ ಗಂಟೆಗೊಂದು ಸಲ ಆಗುತ್ತಿತ್ತು, ವಯಸ್ಸಾಯಿತಲ್ಲ ಎಂದುಕೊಂಡಿದ್ದ. ಗಂಡಹೆಂಡಿರು ಮೂವತ್ತಾರು ವರ್ಷ ಒಂದೇ ಅಡುಗೆ ಉಂಡವರು, ಒಂದೇ ನೀರು ಕುಡಿದವರು, ಅವಳದಾದರೇನು ತನ್ನದಾದರೇನು. ಹಿಂದೆಮುಂದೆ ನೋಡಿ, ಬಾಗಿಲು ಹಾಕಿಕೊಂಡು, ಇಲಿ ತಿಂದ ಲಡಿಯ ಜಾಗ ತುಂಬಿದಷ್ಟೇ ನಿಷ್ಠೆಯಿಂದ ಕ್ಯಾನಿಗೆ ತನ್ನದನ್ನೂ ಸೇರಿಸಿದ.

ಸಂಜೆಯವರೆಗೆ ನಾಲ್ಕು ಸಲ ಸೇರಿಸಿದ. ಮಲಗುವ ಮುಂಚೆ, ಎದ್ದ ಮೇಲೆ, ನಡುವೆ ಎಚ್ಚರವಾದಾಗಲೆಲ್ಲ ಸೇರಿಸಿದ. ಬೆಳಿಗ್ಗೆ ಆರಕ್ಕೆ ಕೊನೆಯದನ್ನು ಬಗ್ಗಿಸಿ ಗೋವಿಂದಮ್ಮ ಕ್ಯಾನು ಎತ್ತಹೋದರೆ ಅದು ಒಂದು ಕೈಗೆ ಏಳಲೇ ಇಲ್ಲ. ಮೂರನೇ ಗೀಟು ದಾಟಿತ್ತು.

"ಇಷ್ಟೊಂದು ನಂದಾ?" ಎಂದಳು ಅವಳು. "ಮೈಯಲ್ಲಿ ಇರೋದೆಲ್ಲ ಸೋರಿ ಹೋಗ್ತಾ ಐತಲ್ಲಯ್ಯಾ. ನಂಗೆ ಗೊತ್ತೇ ಆಗ್ಲಿಲ್ಲ."

ಅಳತೆ ತುಂಬಿಸಿದ ಪೆದ್ದಣ್ಣನ ಖುಷಿ ಇಳಿದುಹೋಯಿತು. ಹೇಳಿಬಿಡಬೇಕು ಎನಿಸಿತು. ಆದರೆ ಸೊಸೆ ಪಕ್ಕದಲ್ಲೇ ನಿಂತಿದ್ದಳು. ಸೊಸೆಯ ಎದುರು ಇದನ್ನು ಯಾವ ಬಾಯಲ್ಲಿ ಹೇಳುವುದು?

ಕ್ಯಾನನ್ನು ಬಟ್ಟೆಯ ಚೀಲಕ್ಕೆ ಇಳಿಸಿ ಇಬ್ಬರೂ ಒಂದೊಂದು ಹಿಡಿ ಹಿಡಿದುಕೊಂಡು ಹೊರಟರು. ಬೀದಿಯ ತಿರುವಿನಲ್ಲಿ ಎದುರು ಮನೆಯ ದುರುಗಕ್ಕ ಸಿಕ್ಕಳು. ಬಿಳಿ ಕ್ಯಾನಿನ ಬಾಯಿ ಚೀಲದಿಂದ ಇಣುಕುತ್ತಿತ್ತು. ಈ ಕಡೆ ಬಿಳಿ ಕ್ಯಾನು ಅಂದರೆ ಚಳ್ಳಕೆರೆಯ ಗಾಣದ ಕಡ್ಲೆಕಾಯಿ ಎಣ್ಣೆಯೇ, ಬೇರೆ ಮಾತಿಲ್ಲ.

"ಎಲ್ಲಿಗ್ ಹೊರಟ್ರಿ?"

"ಚಳ್ಳಕೆರೆಗೆ" ಎಂದ ಪೆದ್ದಣ್ಣ.

"ಅಲ್ಲ, ಎಲ್ರೂ ಅಲ್ಲಿಂದ ಎಣ್ಣೆ ತರ್ತಾರೆ. ನೀವೇನು ಅಲ್ಲಿಗೇ ತಗೊಂಡ್ ಹೋಗ್ತೀರಿ?"

ಪೆದ್ದಣ್ಣನಿಗೆ ಸುಳ್ಳು ಬರುವುದಿಲ್ಲ. ಗೋವಿಂದಮ್ಮನೇ ಕೈಗೆ ಸಿಕ್ಕಿದ್ದು ಹೇಳಿದಳು. "ಸರಿ ಇಲ್ಲ ದುರುಗಕ್ಕ. ವಾಪಸ್ ಕೊಡಾಕೆ."

"ಕಲಬೆರಕೆ ಮಾಡಿರ್ತಾರೆ ಕಣೇ. ನೋಡಿದ್ರೇ ಗೊತ್ತಾಗ್ತೈತೆ. ಮಾಡಿದೋರ ಮುಖಕ್ಕೆ ಮಂಗಳಾರತಿ ಎತ್ತಿ ಬಾ" ಎಂದಳು ದುರುಗಕ್ಕ.

ಪೆದ್ದಣ್ಣ ಬಸ್ ಸ್ಟ್ಯಾಂಡ್ ಸೇರುವವರೆಗೂ ತಲೆ ಎತ್ತಲಿಲ್ಲ. ಒಂದು ಎಳೆ ಕಲಬೆರಕೆ ನೂಲು ಮಗ್ಗಕ್ಕೆ ಏರಿಸದ ಮನುಷ್ಯ, ಮಡಿಲಲ್ಲೇ ಕಲಬೆರಕೆ ಇಟ್ಟುಕೊಂಡು ಹಾನಗಲ್, ಬಿ.ಜಿ. ಕೆರೆ, ತಳಕು ಎಲ್ಲ ದಾಟಿದ. ಪಕ್ಕದಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳುತ್ತಿದ್ದಳು. "ರಂಜಿತಂಗೆ ಅಂಚಿನ ಲಾಳಿ ಕಲಿಸ್ಬೇಕು. ಕೈ ಚುರುಕು ಐತೆ, ಆರು ತಿಂಗಳಲ್ಲಿ ಕಲಿತಾಳೆ. ನನ್ನ ಮೂಗುಬೊಟ್ಟು ಅವಳಿಗೇ ಕೊಡು. ನೀನು ಮಾತ್ರ ಬೆಳಿಗ್ಗೆ ಖಾಲಿ ಹೊಟ್ಟೆಲಿ ಮಗ್ಗಕ್ಕೆ ಕೂರ್ಬೇಡ, ನಾನು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ಅವನಿಗೆ ಕಣ್ಣು ತುಂಬಿತು. ಅವಳಿಲ್ಲದ ಮಗ್ಗವನ್ನು ಅವನು ಒಂದು ದಿನಕ್ಕೂ ನೆನೆದವನಲ್ಲ. ಇರಲಿ, ಟೆಸ್ಟ್ ಆಗಲಿ, ಎಲ್ಲ ಸರಿ ಇದೆ ಎಂದು ಬಂದರೆ ಈ ಗುಟ್ಟು ತನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ ಎಂದು ಸಮಾಧಾನ ತಂದುಕೊಂಡ. ಗಂಗಲಕ್ಷ್ಮಿ ಕ್ಯಾನು ತೆಗೆದುಕೊಂಡಾಗ ಅವನು ನಿರೀಕ್ಷಿಸಿದ ಹಾಗೆಯೇ ಕೊರತೆ ಎನ್ನಲಿಲ್ಲ. ಗೋವಿಂದಮ್ಮನ ಕೈಯಿಂದ ಒಂದಿಷ್ಟು ರಕ್ತ ತೆಗೆದುಕೊಂಡು, ನಾಲ್ಕು ಗಂಟೆಗೆ ಬನ್ನಿ ಎಂದಳು.

ನಾಲ್ಕು ಗಂಟೆಗೆ ಒಳಗೆ ಹೋದಾಗ ಡಾಕ್ಟರಮ್ಮನ ಮುಖದಲ್ಲಿ ನಗು ಇರಲಿಲ್ಲ. ಅವರು ಕಾಗದವನ್ನು ಮೇಜಿನ ಮೇಲೆ ಇಟ್ಟು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಪ್ರೋಟೀನ್ ಹೋಗ್ತಾ ಐತೆ. ಇರ್ಬೇಕಾದ್ದಕ್ಕಿಂತ ಜಾಸ್ತಿನೇ."

ಗೋವಿಂದಮ್ಮ ಅಳಲಿಲ್ಲ. ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಬಂದ ಕೆಲಸ ಮುಗಿಯಿತು ಎಂಬಂತೆ ನೆಟ್ಟಗೆ ಕೂತಳು. ಅದನ್ನು ನೋಡುವುದಕ್ಕಿಂತ ಅವಳು ಗೋಳೋ ಎಂದು ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

"ಆದ್ರೆ ಇಲ್ಲೊಂದು ವಿಚಿತ್ರ ಐತೆ" ಎಂದು ಡಾಕ್ಟರು ಮತ್ತೆ ಕಾಗದ ಹಿಡಿದರು. "ನಮ್ಮ ಮೈ ಎಷ್ಟು ದೊಡ್ಡದೋ ಅಷ್ಟಕ್ಕೆ ತಕ್ಕಂಗೆ ದಿನಾ ಮೂತ್ರದಲ್ಲಿ ಹೋಗೋ ಪದಾರ್ಥ ಒಂದಿರ್ತೈತೆ. ನೀವು ನಲವತ್ತೊಂದು ಕೆ.ಜಿ. ಇದೀರಿ ಅಮ್ಮ. ಇದ್ರಲ್ಲಿ ಇರೋದು ನೋಡಿದ್ರೆ ನೂರು ಕೆ.ಜಿ. ಪೈಲ್ವಾನಂದು ಇದ್ದಂಗೈತೆ. ಗಂಗಲಕ್ಷ್ಮಿ, ಬಾ ಇಲ್ಲಿ. ಯಾರ ಕ್ಯಾನಿಗೆ ಯಾರ ಹೆಸರು ಹಚ್ಚಿದೀಯಾ?"

"ಇವ್ರದೇ ಮೇಡಂ. ಇವತ್ತು ಬಂದಿದ್ದೇ ಇದೊಂದು ಕ್ಯಾನು."

"ಹಂಗಾದ್ರೆ ಟೆಸ್ಟಲ್ಲಿ ತಪ್ಪು ಮಾಡಿದೀಯಾ. ಇನ್ನೊಬ್ಬರ ಜೀವದ ವಿಷಯ ಇದು, ಹುಡುಗಾಟ ಅಲ್ಲ."

ಗಂಗಲಕ್ಷ್ಮಿ ಅಂಗೈಯಿಂದ ಕಣ್ಣು ಒರೆಸಿಕೊಂಡಳು. ತನ್ನ ತಪ್ಪಿಲ್ಲದೆ ಬೈಸಿಕೊಳ್ಳುವವರ ಮುಖ ಹೇಗಿರುತ್ತದೆ ಎಂದು ನೇಕಾರನಿಗೆ ಹೇಳಿಕೊಡಬೇಕಾಗಿಲ್ಲ. ಪೆದ್ದಣ್ಣ ಎದ್ದು ನಿಂತು ಎರಡೂ ಕೈ ಮುಗಿದ.

"ಆ ಹುಡುಗಿನ ಅನ್ಬೇಡಿ ತಾಯಿ. ಅದ್ರಲ್ಲಿ ನಂದೂ ಐತೆ."

"ಏನು ಐತೆ?"

"ನಂದೂ... ಸೇರೈತೆ. ಇವಳ್ದು ತಳಕ್ಕೂ ಆಗಿರ್ಲಿಲ್ಲ. ನೀವು ಐದು ಲೀಟರ್ ಕ್ಯಾನು ಕೊಟ್ಟಿದ್ರಿ. ಕೊಟ್ಟ ಅಳತೆಗೆ ಕಮ್ಮಿ ತಂದು ಇಡಾದು ಹೆಂಗೆ ಅಂತ... ನಾವು ನೇಕಾರ್ರು ತಾಯಿ. ಕಮ್ಮಿ ಕೊಟ್ಟು ಅಭ್ಯಾಸ ಇಲ್ಲ."

ಗಂಗಲಕ್ಷ್ಮಿ ವೇಲಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಡಾಕ್ಟರು ತಡೆಯಲು ನೋಡಿದರು, ಆಗಲಿಲ್ಲ, ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಗೋವಿಂದಮ್ಮ ಗಂಡನನ್ನು ತಿರುಗಿ ನೋಡಿದಳು. ಮೂರು ತಿಂಗಳಿಂದ ಒಳಗೆ ಕಟ್ಟಿಟ್ಟಿದ್ದದ್ದೆಲ್ಲ ತೆಲುಗು ಕನ್ನಡ ಎರಡರಲ್ಲೂ ಒಟ್ಟಿಗೆ ಹೊರಬಂತು.

"ನೀ ಬುರ್ರಲೋ ಏಮುಂದಯ್ಯಾ, ತಲೆಯಲ್ಲಿ ಏನೈತೆ? ಸಾಯೋಕೆ ತಯಾರಾಗಿ ಕೂತಿದ್ನಲ್ಲೋ ನಾನು. ಬಸ್ಸಲ್ಲಿ ಮೂಗುಬೊಟ್ಟು ಹಂಚಾಕಿದ್ನಲ್ಲೋ. ಕಲ್ಲಿನ ತರ ಕೂತು ಕೇಳ್ತಿದ್ದೆಯಲ್ಲ, ಆವಾಗ್ಲಾದ್ರೂ ಬಾಯಿ ಬಿಡ್ಬಾರ್ದಿತ್ತಾ?"

ಪೆದ್ದಣ್ಣ ತಲೆ ತಗ್ಗಿಸಿ ಬೈಸಿಕೊಂಡ. ಎಷ್ಟು ದಿನವಾಗಿತ್ತು ಈ ಬಾಯಿ ಕೇಳಿ. ಬೈಗುಳ ಒಂದೊಂದೂ ಮೈಗೆ ತಂಪಾಗಿ ಹತ್ತಿತು.

ನಗು ಇಳಿದ ಮೇಲೆ ಡಾಕ್ಟರು ಕಣ್ಣೊರೆಸಿಕೊಂಡು ಅವನನ್ನು ದಿಟ್ಟಿಸಿದರು. "ಅದಿರ್ಲಿ ಯಜಮಾನ್ರೆ. ಒಂದೇ ದಿನದಲ್ಲಿ ಇಷ್ಟು ತುಂಬ್ಸಿದೀರಿ. ಎಷ್ಟು ಸಲ ಹೋಗ್ತೀರಿ ದಿನಕ್ಕೆ?"

"ಲೆಕ್ಕ ಇಟ್ಟಿಲ್ಲ ತಾಯಿ. ಗಂಟೆಗೊಂದು ಸಲ."

"ಬಾಯಿ ಒಣಗ್ತೈತಾ?"

"ನೀರು ಎಷ್ಟು ಕುಡಿದ್ರೂ ಒಣಗ್ತೈತೆ" ಎಂದು ಗೋವಿಂದಮ್ಮನೇ ಉತ್ತರ ಕೊಟ್ಟಳು. "ಇವ್ರ ಪಾಲಿಂದೂ ನನ್ನ ಪಾಲಿಂದೂ ಇವ್ರೇ ಕುಡೀತಾರೆ."

ಡಾಕ್ಟರು ಈಗ ನಗಲಿಲ್ಲ. "ಗಂಗಲಕ್ಷ್ಮಿ, ಎರಡು ಕ್ಯಾನು ಕೊಡು. ಒಂದರ ಮೇಲೆ ಅಮ್ಮನ ಹೆಸರು, ಒಂದರ ಮೇಲೆ ಇವ್ರ ಹೆಸರು. ಯಜಮಾನ್ರೆ, ಕ್ಯಾನು ದೊಡ್ಡದಿರೋದು ಚೆಲ್ಲಬಾರ್ದು ಅಂತ, ತುಂಬ್ಲಿ ಅಂತ ಅಲ್ಲ. ಎಷ್ಟು ಬರ್ತೈತೋ ಅಷ್ಟು. ಅವರ್ದಕ್ಕೆ ನೀವು ಕೈ ಹಾಕ್ಬೇಡಿ."

ಅವತ್ತು ಊರಿಗೆ ಬಂದ ಬಸ್ಸಿನಲ್ಲಿ ಗೋವಿಂದಮ್ಮ ದಾರಿಯುದ್ದಕ್ಕೂ ಇದ್ದಕ್ಕಿದ್ದಂತೆ ನಗುತ್ತಿದ್ದಳು. ನಿಲ್ಲಿಸುವಳು, ಗಂಡನ ಮುಖ ನೋಡುವಳು, ಮತ್ತೆ ನಗುವಳು. ಮನೆಯಲ್ಲಿ ರಂಜಿತಾಳಿಗೆ ಹೇಳಿದಳು, ಮಗ ರವಿತೇಜನಿಗೆ ಹೇಳಿದಳು. ಸೊಸೆಯ ಎದುರು ಮಾನ ಉಳಿಸಿಕೊಳ್ಳಲು ಒದ್ದಾಡಿದ್ದ ಪೆದ್ದಣ್ಣನ ಮಾನ ರಾತ್ರಿ ಊಟದ ಹೊತ್ತಿಗೆ ಪೂರ್ತಿ ಹರಾಜಾಗಿತ್ತು. ಅವನಿಗೆ ಬೇಸರವೇನೂ ಆಗಲಿಲ್ಲ. ಹೆಂಡತಿ ಎರಡು ಮುದ್ದೆ ಉಂಡಿದ್ದಳು.

ಬಚ್ಚಲಲ್ಲಿ ಈ ಸಲ ಎರಡು ಬೋಗುಣಿ ಬಂದವು. ಗೋವಿಂದಮ್ಮ ತನ್ನ ಕ್ಯಾನಿನ ಮುಚ್ಚಳಕ್ಕೆ ಕೆಂಪು ನೂಲು ಸುತ್ತಿ ಗಂಟು ಹಾಕಿದಳು. "ಗಂಟು ನನ್ನದು. ಬಿಚ್ಚಿದ್ರೆ ಗೊತ್ತಾಗ್ತೈತೆ" ಎಂದು ಎಚ್ಚರಿಸಿದಳು. ಪೆದ್ದಣ್ಣ ಇಡೀ ದಿನ ತನ್ನ ಕ್ಯಾನಿಗೆ ಮಾತ್ರ ನಿಷ್ಠನಾಗಿದ್ದ. ಅವನದು ಮೂರೂವರೆ ಗೀಟು ಬಂತು, ಅವಳದು ಒಂದನೇ ಗೀಟಿನ ಕೆಳಗೇ ನಿಂತಿತು. ಅದನ್ನು ನೋಡಿ ಅವನ ಕೈ ಸ್ವಲ್ಪ ತುರಿಸಿದ್ದು ನಿಜ, ಆದರೆ ತಡೆದುಕೊಂಡ.

ಫಲಿತಾಂಶದ ದಿನ ಡಾಕ್ಟರು ಎರಡು ಕಾಗದ ಎದುರಿಗಿಟ್ಟುಕೊಂಡಿದ್ದರು. ಮೊದಲು ಗೋವಿಂದಮ್ಮನದು ತೆಗೆದರು.

"ಅಮ್ಮ, ನಿಮ್ಮ ಕಿಡ್ನಿ ಚೆನ್ನಾಗೈತೆ. ರಕ್ತದಲ್ಲೂ ಏನಿಲ್ಲ, ಮೂತ್ರದಲ್ಲೂ ಏನಿಲ್ಲ. ನೀವು ತಗೊಳ್ತಿರೋ ಬಿ.ಪಿ. ಮಾತ್ರೆಗೆ ಕೆಲವರಿಗೆ ಕಾಲು ಊದ್ತೈತೆ. ಮೇಲೆ ದಿನವೆಲ್ಲ ಕುಣಿಯಲ್ಲಿ ಕಾಲು ಬಿಟ್ಕೊಂಡು ಕೂರ್ತೀರಿ. ಮಾತ್ರೆ ಬದಲಾಯಿಸ್ತೀನಿ. ಗಂಟೆಗೊಂದು ಸಲ ಎದ್ದು ಓಡಾಡಿ, ನೀರು ಕುಡೀರಿ."

ಪೆದ್ದಣ್ಣ ಕುರ್ಚಿಯಲ್ಲಿ ಕೂತೇ ಬಿಕ್ಕಿ ಬಿಕ್ಕಿ ಅತ್ತ. ಅರವತ್ತೆರಡು ವರ್ಷದ ಗಂಡಸು, ಎದುರಿಗೆ ಇಬ್ಬರು ಹೆಂಗಸರು, ಅವನಿಗೆ ಯಾವ ಎಗ್ಗೂ ಇರಲಿಲ್ಲ. ಮೂವತ್ತಾರು ವರ್ಷ ಪಕ್ಕದಲ್ಲಿ ಕೂತವಳು ಪಕ್ಕದಲ್ಲೇ ಇರುತ್ತಾಳೆ, ಇನ್ನೇನು ಬೇಕು ಅವನಿಗೆ. ಎದ್ದು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಗಂಗಲಕ್ಷ್ಮಿಗೆ ಮೈಸೂರುಪಾಕು ತರುತ್ತೇನೆ ಎಂದು ಬಾಗಿಲ ಕಡೆ ಹೊರಟೇಬಿಟ್ಟ.

"ಎಲ್ಲಿಗ್ ಹೋಗ್ತೀರಿ? ನಿಮ್ಮದು ಇನ್ನೂ ಓದೇ ಇಲ್ಲ ನಾನು" ಎಂದರು ಡಾಕ್ಟರು.

"ನಂದೇನ್ ಬಿಡಿ ತಾಯಿ. ಇವಳ್ದು ಸರಿ ಐತಲ್ಲ."

"ಕೂತ್ಕೊಳಯ್ಯಾ" ಎಂದಳು ಗೋವಿಂದಮ್ಮ. ಆ ದನಿಗೆ ಅವನು ಕೂತ.

ಸೋರುತ್ತಿದ್ದ ಪ್ರೋಟೀನು ಅವನದು. ಸಕ್ಕರೆ ಕಾಯಿಲೆ ಬಂದು ಎಷ್ಟು ವರ್ಷವಾಗಿತ್ತೋ, ಅವನು ಒಂದು ಸಲವೂ ಪರೀಕ್ಷೆ ಮಾಡಿಸಿದವನಲ್ಲ. ಕಿಡ್ನಿಗೆ ಈಗಷ್ಟೇ ಪೆಟ್ಟು ಬೀಳಲು ಶುರುವಾಗಿದೆ, ಇನ್ನೂ ಕೈಮೀರಿಲ್ಲ, ಮಾತ್ರೆ ಪಥ್ಯ ಮಾಡಿದರೆ ಹಿಡಿದು ನಿಲ್ಲಿಸಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. "ಇನ್ನೆರಡು ವರ್ಷ ಬಿಟ್ಟು ಬಂದಿದ್ರೆ ನಾನು ಈ ಮಾತು ಹೇಳೋಕೆ ಆಗ್ತಿರ್ಲಿಲ್ಲ. ನೀವು ಅವರ ಕ್ಯಾನಿಗೆ ಕೈ ಹಾಕದೇ ಇದ್ದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ, ನಿಮಗೂ ಗೊತ್ತಾಗ್ತಿರ್ಲಿಲ್ಲ."

ತನ್ನ ಸಾವಿಗೆ ಅಳದೆ ನೆಟ್ಟಗೆ ಕೂತಿದ್ದ ಗೋವಿಂದಮ್ಮನ ಕೆನ್ನೆಯ ಮೇಲೆ ಈಗ ನೀರು ತಾನಾಗಿಯೇ ಇಳಿಯಿತು. ಒರೆಸಿಕೊಳ್ಳಲಿಲ್ಲ. ಮೇಜಿನ ಕೆಳಗೆ ಗಂಡನ ಮಣಿಕಟ್ಟು ಹಿಡಿದುಕೊಂಡಳು. ಆ ಹಿಡಿತ ಅವನಿಗೆ ನೋಯುವಷ್ಟು ಬಿಗಿಯಾಗಿತ್ತು.

ಡಾಕ್ಟರು ಚೀಟಿ ಬರೆಯತೊಡಗಿದರು.

"ಎಷ್ಟು ದಿನ ತಗೋಬೇಕು ಮೇಡಂ ಮಾತ್ರೆ?" ಎಂದು ಕೇಳಿದಳು ಅವಳು.

"ದಿನಾ ತಗೋಬೇಕಮ್ಮ. ಇವ್ರು ಇರೋ ತನಕ."

"ಹಂಗಾದ್ರೆ ಕೈ ಬಿಗಿ ಹಿಡೀಬೇಡಿ" ಎಂದಳು ಗೋವಿಂದಮ್ಮ. "ಬಾಳ ವರ್ಷಕ್ಕೆ ಆಗೋವಷ್ಟು ಬರೀರಿ."